ಉಪ್ಪು ಹಾಕಿದ ಐಸು

ಶಿರೂರು
೧೧ ಜೂನ್ ೨೦೨೪

ಚಂದನಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಸುಳ್ಳು ಬರೆಯಲು ನನಗೆ ಮನಸ್ಸಿಲ್ಲ. ಈ ಅತ್ತಿಗೆ ಕಾಗದ ಬರೆಯುತ್ತಿದ್ದಾಳಲ್ಲ, ಫೋನು ಹಾಳಾಗಿದೆಯಾ ಎಂದು ನೀನು ಕೇಳಬಹುದು. ಫೋನು ಚೆನ್ನಾಗಿದೆ. ನಾವಿಬ್ಬರು ಚೆನ್ನಾಗಿಲ್ಲ. ನೀನು ಮೊದಲು "ಲ್ಯಾಬಿನಲ್ಲಿದ್ದೇನೆ" ಎನ್ನುತ್ತೀ, ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಕೊನೆಗೆ ನಿನ್ನಣ್ಣ ಫೋನು ಕಿತ್ತುಕೊಂಡು ಮಳೆಯ ಸುದ್ದಿ ಹೇಳುತ್ತಾರೆ. ಕಾಗದದಲ್ಲಾದರೆ ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವಂತಿಲ್ಲ.

ನಾನು ಕೇಳುವುದು ಒಂದೇ. ನನ್ನ ಮಗಳು ಮೋಕ್ಷಿತಾಳಿಗೆ ಆ ಮಾತ್ರೆ ಸಿಗುತ್ತದೋ ಇಲ್ಲವೋ?

ಕುಂದಾಪುರದ ಹರ್ಷಾ ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಎದೆಯೊಳಗಿನ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಹೊರಗೆ ಬರುವುದಿಲ್ಲ, ಅದರಲ್ಲಿ ರೋಗಾಣು ಮನೆ ಮಾಡಿಕೊಳ್ಳುತ್ತದೆ. ಈಗ ಇದಕ್ಕೊಂದು ಮಾತ್ರೆ ಬಂದಿದೆ. ಆದರೆ ಜೀನಿನ ಯಾವ ಯಾವ ದೋಷಕ್ಕೆ ಅದು ನಾಟುತ್ತದೆ ಎಂದು ಒಂದು ಪಟ್ಟಿ ಇದೆಯಂತೆ, ನಮ್ಮ ಹುಡುಗಿಯ ದೋಷ ಅಪರೂಪದ್ದಾದ್ದರಿಂದ ಪಟ್ಟಿಯಲ್ಲಿ ಇಲ್ಲವಂತೆ. ಮಾತ್ರೆ ಕೊಡಿಸುವ ಸಮಿತಿಯವರು "ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ತನ್ನಿ" ಎಂದರು. ಮಾತ್ರೆ ತಿನ್ನದೆ ಪುರಾವೆ ಎಲ್ಲಿಂದ ತರಲಿ? ಪುರಾವೆ ಇಲ್ಲದೆ ಮಾತ್ರೆ ಕೊಡುವುದಿಲ್ಲವಂತೆ. ನನಗೆ ತಲೆ ಕೆಟ್ಟುಹೋಗಿದೆ.

ಮೊದಲು ಅಸ್ತಮಾ ಎಂದರು. ಆಮೇಲೆ ಟಿ.ಬಿ. ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಹೋದ ವರ್ಷ ಹರ್ಷಾ ಡಾಕ್ಟರು ಬೆವರು ಪರೀಕ್ಷೆ ಮಾಡಿಸಿ, ಬೆವರಿನಲ್ಲಿ ಇಷ್ಟು ಉಪ್ಪಿರುವುದೇ ಈ ಕಾಯಿಲೆಯ ಗುರುತು ಎಂದರು. ಹುಟ್ಟಿದಾಗಿನಿಂದ ಅವಳ ಹಣೆಗೆ ಮುತ್ತಿಟ್ಟರೆ ಉಪ್ಪು. ನಿನ್ನಮ್ಮ ಏನು ಹೇಳುತ್ತಿದ್ದರು, ನೆನಪಿದೆಯಾ? "ಒಣಮೀನಿನ ಮನಿ ಮಗು ಉಪ್ಪ್ ಆಪ್ದಲ್ದೆ ಸೀ ಆತ್ತಾ?" ಎಲ್ಲರೂ ನಗುತ್ತಿದ್ದೆವು. ಮೀನಿಗೆ ಉಪ್ಪು ಹಿಡಿದಿದೆಯಾ ಎಂದು ನಾಲಿಗೆ ತಾಗಿಸಿ ಹೇಳುವವಳು ನಾನು, ಅಕ್ಕಪಕ್ಕದವರೂ ನನ್ನ ಹತ್ತಿರ ತೋರಿಸಿಕೊಂಡು ಹೋಗುತ್ತಾರೆ. ಮಗಳ ಹಣೆಯ ಉಪ್ಪನ್ನು ಮಾತ್ರ ನನ್ನ ಕೈಯದ್ದೇ ಎಂದುಕೊಂಡೆ.

ಈಗ ನಿನ್ನಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, "ನಮ್ಮ ಬದಿಯಗೆ ಇಂಥ ಸೀಕ್ ಯಾರಿಗೂ ಇಲ್ಲೆ. ಎಲ್ಲ ಅದ್ರ್ ಅಬ್ಬಿ ಬದಿದ್." ಎಲ್ಲ ನನ್ನ ತವರಿನ ಕಡೆಯಿಂದಲೇ ಬಂದದ್ದಂತೆ. ನೀನು ಓದಿದವಳು, ಇದಕ್ಕೊಂದು ಉತ್ತರ ಬರೆ. ಶಾಲೆಗೆ ನಡೆದು ಹೋಗುವಾಗ ಮೋಕ್ಷಿತಾ ಈಗ ದಾರಿಯಲ್ಲಿ ಕೂತು ಕೂತು ಹೋಗುತ್ತಾಳೆ.

ನೀನು ಪುಣೆಯಲ್ಲಿ ಇದಕ್ಕೇ ಔಷಧಿ ಮಾಡುತ್ತಿದ್ದೀ ಎಂದು ಊರಿಗೆಲ್ಲ ಹೇಳಿದ್ದೇನೆ. ಸ್ವಲ್ಪ ಬೇಗ ಮಾಡು.

ನಿನ್ನ ಅತ್ತಿಗೆ
ವನಜ

*

ಪುಣೆ
೨೦ ಜೂನ್ ೨೦೨೪

ಅತ್ತಿಗೆ,

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಾನು ಔಷಧಿ ಮಾಡುತ್ತಿಲ್ಲ. ದಮ್ಮಯ್ಯ, ಯಾರಿಗೂ ಹಾಗೆ ಹೇಳಬೇಡಿ. ಹೋದ ಸಲ ಬಂದಾಗ ಬೈಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಹತ್ತಿರ ಮಂಡಿನೋವಿಗೆ ಮಾತ್ರೆ ಕೇಳಿದರು.

ನಮ್ಮದು ಮೂಲ ಸಂಶೋಧನೆ. ಜೀವಕೋಶದೊಳಗೆ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂದು ನೋಡುವುದೇ ನಮ್ಮ ಕೆಲಸ. ಮೋಕ್ಷಿತಾಳ ವರದಿ ಬಂದ ಮೇಲೆ ಗೈಡ್ ಹತ್ತಿರ ಗೋಗರೆದು ಅವಳ ಕಾಯಿಲೆಯ ಪ್ರೋಟೀನನ್ನೂ ಸೇರಿಸಿಕೊಂಡೆ. ಅದು ಜೀವಕೋಶದ ಗೋಡೆಯಲ್ಲಿರುವ ಒಂದು ಬಾಗಿಲು. ಆ ಬಾಗಿಲಿನಿಂದ ಉಪ್ಪಿನ ಅಂಶ ಹೊರಗೆ ಹೋಗಬೇಕು, ಅದರ ಹಿಂದೆ ನೀರು ಹೋಗಬೇಕು, ಆಗ ಕಫ ತೆಳ್ಳಗಿರುತ್ತದೆ. ಅಣ್ಣ ದೋಣಿಯಲ್ಲಿ ಬಲೆ ಮಡಚಿಡುವಾಗ ಒಂದು ಸುತ್ತು ತಪ್ಪಿದರೆ ನೀರಿಗೆ ಬಿಡುವಾಗ ಗಂಟಾಗುತ್ತದಲ್ಲ, ಹಾಗೆ ಮೋಕ್ಷಿತಾಳ ಪ್ರೋಟೀನು ತಪ್ಪಾಗಿ ಮಡಚಿಕೊಳ್ಳುತ್ತದೆ. ಜೀವಕೋಶ ಅದನ್ನು ಹಾಳಾದದ್ದೆಂದು ಎಸೆದುಬಿಡುತ್ತದೆ. ಆ ಮಾತ್ರೆ ಅದನ್ನು ಸರಿಯಾಗಿ ಮಡಚಿಸಿ ಬಾಗಿಲು ತೆರೆಸುತ್ತದೆ. ಅವಳ ದೋಷಕ್ಕೂ ತೆರೆಸುತ್ತದೆಯೇ ಎಂಬುದೇ ಪ್ರಶ್ನೆ.

ಪುರಾವೆಗೆ ಅವಳು ಮಾತ್ರೆ ತಿನ್ನಬೇಕಿಲ್ಲ. ಹರ್ಷಾ ಡಾಕ್ಟರು ಅವಳ ಮೂಗಿನೊಳಗೆ ಒಂದು ಸಣ್ಣ ಬ್ರಷ್ ಆಡಿಸಿ ಜೀವಕೋಶ ತೆಗೆಯುತ್ತಾರೆ. ನಾನು ಇಲ್ಲಿ ಅವನ್ನು ಬೆಳೆಸುತ್ತೇನೆ. ಅವು ಟೊಳ್ಳು ಗುಳ್ಳೆಗಳಾಗುತ್ತವೆ. ಮೇಲೆ ಔಷಧಿ ಹಾಕಿದಾಗ ಬಾಗಿಲು ತೆರೆದರೆ ಗುಳ್ಳೆಯೊಳಗೆ ನೀರು ತುಂಬಿ ಉಬ್ಬುತ್ತದೆ. ಉಬ್ಬಿದರೆ ಅದೇ ಪುರಾವೆ. ಸಮಿತಿಯವರನ್ನು ಕೇಳಿದ್ದೇನೆ, ಒಪ್ಪುತ್ತಾರೆ.

ಡಾಕ್ಟರಿಗೆ ಪೆಟ್ಟಿಗೆ ಮತ್ತು ಟ್ಯೂಬು ಕಳಿಸಿದ್ದೇನೆ. ಕುಂದಾಪುರದಿಂದ ಪುಣೆಯ ಬಸ್ಸಿಗೆ ಹಾಕಿ, ನಾನೇ ಇಳಿಸಿಕೊಳ್ಳುತ್ತೇನೆ. ತಣ್ಣಗೆ ಇರಬೇಕು. ದಾರಿಯಲ್ಲಿ ಬಿಸಿಯಾದರೆ ಎಲ್ಲ ಹಾಳು. ಇದೊಂದು ನೆನಪಿಟ್ಟುಕೊಳ್ಳಿ.

ಮತ್ತೆ, ಬೆನ್ನು ತಟ್ಟಿ ಕಫ ಬಿಡಿಸುವುದನ್ನು ಎರಡೂ ಹೊತ್ತು ಮಾಡಿ. ಉಪ್ಪು ಕಡಿಮೆ ಮಾಡಿ ಎಂದು ಯಾರೋ ಹೇಳಿದರೆಂದು ಅಣ್ಣ ಹೇಳಿದ. ಯಾರು ಹೇಳಿದ್ದು? ಅವಳಿಗೆ ಉಪ್ಪು ಬೇಕು. ಬೆವರಿನಿಂದ ಉಪ್ಪನ್ನು ಮೈಯೊಳಗೆ ವಾಪಸ್ ಎಳೆಯಬೇಕಾದದ್ದೂ ಅದೇ ಬಾಗಿಲು, ಅದು ತೆರೆಯದೆ ಬೆವರಿನಲ್ಲಿ ಎಲ್ಲ ಹೋಗುತ್ತಿದೆ.

ಚಂದನಾ

*

ಕುಂದಾಪುರ
೬ ಜುಲೈ ೨೦೨೪

ಚಂದನಾ,

ಈ ಕಾಗದವನ್ನು ಪೆಟ್ಟಿಗೆಯ ಮೇಲೆಯೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಟಿಸಿದ್ದೇನೆ. ಮೂಗಿಗೆ ಬ್ರಷ್ ಹಾಕುವಾಗ ನಿನ್ನ ಸೊಸೆ ಡಾಕ್ಟರ ಕೈಗೆ ಹೊಡೆದಳು, "ಹ್ವಾಯ್, ಅದ್ ಮೂಗ್ ಮಾರಾಯ್ರೆ, ಬಾಟ್ಲಿ ಅಲ್ಲ!" ಎಂದಳು. ಆದರೂ ಕೆಲಸ ಆಯಿತು.

ತಣ್ಣಗಿಡುವ ವಿಷಯ ನೀನು ನನಗೆ ಹೇಳಬೇಕಾ? ನೀನು ಕಳಿಸಿದ ಪೆಟ್ಟಿಗೆ, ಆ ನೀಲಿ ಜೆಲ್ ಪ್ಯಾಕೆಟ್ಟು, ಎಲ್ಲ ಮಕ್ಕಳ ಆಟದ ಸಾಮಾನು. ಅಂಕೋಲ ದಾಟುವಷ್ಟರಲ್ಲಿ ಬೆವರಿಳಿಯುತ್ತದೆ. ಡಾಕ್ಟರು ಇನ್ನೊಬ್ಬ ರೋಗಿಯನ್ನು ನೋಡಲು ಒಳಗೆ ಹೋದಾಗ ನಾನು ಅದನ್ನು ಪಕ್ಕಕ್ಕಿಟ್ಟು, ಮೀನಿನ ದಪ್ಪ ಥರ್ಮೋಕೋಲ್ ಪೆಟ್ಟಿಗೆ ತೆಗೆದೆ. ಗಂಗೊಳ್ಳಿಯ ಐಸ್ ಪ್ಲಾಂಟಿನಿಂದ ಪುಡಿ ಐಸು ತರಿಸಿದ್ದೆ. ಟ್ಯೂಬನ್ನು ನಡುವೆ ಇಟ್ಟು, ಸುತ್ತ ಐಸು ಒತ್ತಿ, ದೂರದ ಲೋಡಿಗೆ ಹಾಕುವ ಹಾಗೆ ಮೇಲೆ ಕಲ್ಲುಪ್ಪು ಹಾಕಿದೆ. ಉಪ್ಪು ಬಿದ್ದರೆ ಐಸಿನ ತಂಪೇ ಬೇರೆ. ಗೋವೆಗೆ ಕಳಿಸಿದ ನನ್ನ ಮೀನು ಇವತ್ತಿನವರೆಗೆ ಒಂದು ಸಲವೂ ವಾಪಸ್ ಬಂದಿಲ್ಲ.

ನಿನ್ನಮ್ಮನ ಮಾತಿಗೆ ನೀನು ಉತ್ತರ ಬರೆದಿಲ್ಲ. ಮರೆತೆಯಾ, ಬೇಕಂತಲೇ ಬಿಟ್ಟೆಯಾ?

ವನಜ

ಅತ್ತೆ, ಇದು ನಾನು ಮೋಕ್ಷಿತಾ. ತುಂಬಾ ಉರಿಯಿತು. ಇನ್ನೊಂದು ಸಲ ಬ್ರಷ್ ಹಾಕುವುದಾದರೆ ನಿಮ್ಮ ಮೂಗಿಗೂ ಹಾಕಿಸಿಕೊಳ್ಳಬೇಕು.

*

ಪುಣೆ
೭ ಜುಲೈ ೨೦೨೪

ಅತ್ತಿಗೆ,

ಜೀವಕೋಶ ಬಂಗುಡೆಯಲ್ಲ!

ಬಂಗುಡೆ ಸತ್ತ ಮೇಲೆ ನೀವು ಅದನ್ನು ತಣ್ಣಗಿಡುತ್ತೀರಿ. ಇವು ಜೀವಂತ ಬರಬೇಕಿತ್ತು. ಐಸಿಗೆ ಉಪ್ಪು ಹಾಕಿದರೆ ಅದು ನೀರು ಹೆಪ್ಪುಗಟ್ಟುವುದಕ್ಕಿಂತಲೂ ತಣ್ಣಗಾಗುತ್ತದೆ. ಪೆಟ್ಟಿಗೆ ತೆರೆದಾಗ ಟ್ಯೂಬಿನ ದ್ರವ ಕಲ್ಲಾಗಿತ್ತು, ಮುಚ್ಚಳ ಎದ್ದು ಬಂದಿತ್ತು. ಕರಗಿಸಿ ನೋಡಿದೆ. ಎಲ್ಲವೂ ಒಡೆದು ಸತ್ತಿವೆ. ಒಂದೂ ಉಳಿದಿಲ್ಲ.

ಲ್ಯಾಬಿನವರೆಲ್ಲ ರವಿವಾರ ನನಗಾಗಿ ಬಂದು ಕಾದಿದ್ದರು. ಜೆಲ್ ಪ್ಯಾಕೆಟ್ಟನ್ನು ಸುಮ್ಮನೆ ಕಳಿಸಿದ್ದಾ ನಾನು? ಎಲ್ಲದರಲ್ಲೂ ನಿಮಗೆ ನಿಮ್ಮದೇ ಆಗಬೇಕು. ಸಮಿತಿ ಕೂರುವುದು ವರ್ಷಕ್ಕೆ ಎರಡೇ ಸಲ, ಆಗಸ್ಟಿನದ್ದು ಕೈತಪ್ಪಿತು. ಇನ್ನು ಜನವರಿ. ಡಾಕ್ಟರಿಗೆ ಹೇಳಿ ಬೇಗ ಇನ್ನೊಮ್ಮೆ ತೆಗೆಸಿ.

ಚಂದನಾ

*

ಪುಣೆ
೨ ಆಗಸ್ಟ್ ೨೦೨೪

ಅತ್ತಿಗೆ,

ಹೊಸ ಪೆಟ್ಟಿಗೆ ಕಳಿಸಿ ಎರಡು ವಾರ ದಾಟಿತು. ನಿಮ್ಮಿಂದ ಕಾಗದವೂ ಇಲ್ಲ, ಫೋನೂ ಇಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನ್ನ ಮೇಲೆ ಮಾಡಿಕೊಳ್ಳಿ, ಮಗುವಿನ ಮೂಗಿನ ಮೇಲೆ ಬೇಡ. ಗುಳ್ಳೆ ಬೆಳೆಯಲು ವಾರಗಟ್ಟಲೆ ಬೇಕು. ನೀವು ಮುನಿಸಿಕೊಂಡು ಕೂತರೆ ಜನವರಿಯೂ ಹೋಗುತ್ತದೆ.

ಚಂದನಾ

*

ಪುಣೆ
೨೯ ಆಗಸ್ಟ್ ೨೦೨೪

ಅತ್ತಿಗೆ,

ಅಣ್ಣನಿಗೆ ಫೋನು ಮಾಡಿದೆ. "ಎಂತದೂ ಇಲ್ಲೆ, ಮಳಿ ಜೋರಿತ್ತ್" ಎಂದು ಇಟ್ಟುಬಿಟ್ಟ. ಅಮ್ಮನಿಗೆ ಮಾಡಿದರೆ ಅಮ್ಮನೂ ಮಳೆಯ ಸುದ್ದಿಯನ್ನೇ ಹೇಳಿದರು. ಅಮ್ಮ ಯಾವತ್ತು ಮಳೆಯ ಬಗ್ಗೆ ಮಾತಾಡಿದ್ದಾರೆ? ನನಗೆ ಹೆದರಿಕೆ ಆಗುತ್ತಿದೆ. ಬೈದಾದರೂ ಒಂದು ಸಾಲು ಬರೆಯಿರಿ.

ಚಂದನಾ

*

ಬ್ರಹ್ಮಾವರ
೧೦ ಸೆಪ್ಟೆಂಬರ್ ೨೦೨೪

ಚಂದನಾ,

ಸಿಟ್ಟು ಮಾಡಿಕೊಂಡು ಕೂರಲು ನನಗೆ ಕೂರುವುದಕ್ಕೇ ಸಮಯ ಸಿಕ್ಕಿರಲಿಲ್ಲ. ನಿನ್ನ ಕಾಗದ ಬಂದ ವಾರವೇ ಮೋಕ್ಷಿತಾಳಿಗೆ ಜ್ವರ ಹಿಡಿಯಿತು. ಜುಲೈಯಲ್ಲಿ ಒಮ್ಮೆ ಸೇರಿಸಿದೆವು, ಮನೆಗೆ ಬಂದಳು, ಮತ್ತೆ ಸೇರಿಸಿದೆವು. ಈಗಲೂ ಇಲ್ಲಿನ ಆಸ್ಪತ್ರೆಯಲ್ಲಿದ್ದೇವೆ, ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಆಕ್ಸಿಜನ್ ನಿನ್ನೆ ತೆಗೆದರು. ನಿನಗೆ ಹೇಳಬಾರದೆಂದು ಮನೆಯವರಿಗೆಲ್ಲ ಆಣೆ ಹಾಕಿಸಿದ್ದು ನಾನೇ.

ಯಾಕೆ ಎಂದು ಕೇಳಬೇಡ, ನಾನೇ ಹೇಳುತ್ತೇನೆ. "ಎಲ್ಲವೂ ಒಡೆದು ಸತ್ತಿವೆ, ಒಂದೂ ಉಳಿದಿಲ್ಲ" ಎಂದು ಬರೆದೆಯಲ್ಲ. ಅವಳ ಮೈಯದ್ದೇ ತುಂಡು ಅದು. ಅದನ್ನು ನನ್ನ ಕೈಯಾರೆ ಐಸಿನಲ್ಲಿ ಹೂತು ಕೊಂದೆ, ಅದಾದ ಮೇಲೆ ಅವಳು ಮಲಗಿದಳು. ನಾನು ಬೇರೆ ಏನೆಂದುಕೊಳ್ಳಲಿ? ವಿಜ್ಞಾನ ಓದಿದವಳಿಗೆ ಇದು ಮೂಢನಂಬಿಕೆ ಇರಬಹುದು. ಉಸಿರಿಗೆ ಒದ್ದಾಡುವ ಮಗುವಿನ ಪಕ್ಕ ಕೂತು ನೋಡು, ಏನೆಲ್ಲ ನಂಬಿಕೆ ಬರುತ್ತದೆಂದು.

ಇನ್ನೊಂದು. "ತಣ್ಣಗೆ ಇರಬೇಕು" ಎಂದು ಬರೆದೆ. ಐಸು ಹಾಕಬಾರದು ಎಂದು ಬರೆದೆಯಾ? ಮೂರು ತಲೆಮಾರಿನಿಂದ ಮೀನು ಪ್ಯಾಕ್ ಮಾಡುವ ಮನೆಯಲ್ಲಿ ಹುಟ್ಟಿ ಬೆಳೆದವಳು ನೀನು. ತಣ್ಣಗೆ ಎಂದರೆ ಈ ಮನೆಯಲ್ಲಿ ಏನರ್ಥ ಎಂದು ನಿನಗೆ ಗೊತ್ತಿರಲಿಲ್ಲವಾ?

ವನಜ

*

ಪುಣೆ
೧೬ ಸೆಪ್ಟೆಂಬರ್ ೨೦೨೪

ಅತ್ತಿಗೆ,

ಕಾಗದ ಓದಿ ನಿಮಗೆ ಫೋನು ಮಾಡಲು ಹೊರಟು ಮೂರು ಸಲ ಇಟ್ಟೆ. ಮಾತಾಡಲು ಹೋದರೆ ಅಳುತ್ತಿದ್ದೆ, ನೀವು ಬೈಯುತ್ತಿದ್ದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ಮೂಗಿನೊಳಗಿನ ಆ ಜೀವಕೋಶಗಳು ದಿನವೂ ತಾವಾಗಿಯೇ ಉದುರುತ್ತವೆ. ಉಗುರು ಕತ್ತರಿಸಿ ಎಸೆದರೆ ಬೆರಳಿಗೆ ಜ್ವರ ಬರುತ್ತದಾ? ಪೆಟ್ಟಿಗೆಯಲ್ಲಿ ಸತ್ತದ್ದಕ್ಕೂ ಅವಳ ಜ್ವರಕ್ಕೂ ಕೂದಲೆಳೆಯಷ್ಟೂ ಸಂಬಂಧ ಇಲ್ಲ. ಜ್ವರ ಬಂದದ್ದು ಕಫದಲ್ಲಿರುವ ರೋಗಾಣುವಿನಿಂದ. ಅದನ್ನು ನಿಲ್ಲಿಸುವುದಕ್ಕೇ ಆ ಮಾತ್ರೆ ಬೇಕು. ದಯವಿಟ್ಟು ಈ ಸಾಲುಗಳನ್ನು ಎರಡು ಸಲ ಓದಿ.

ಐಸಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಲ್ಯಾಬಿನಲ್ಲಿ ತಣ್ಣಗೆ ಎಂದರೆ ಫ್ರಿಜ್ಜಿನ ಕೆಳಗಿನ ಖಾನೆ ಎಂದು ಎಲ್ಲರಿಗೂ ಗೊತ್ತು, ಅದೇ ಅಭ್ಯಾಸದಲ್ಲಿ ಬರೆದುಬಿಟ್ಟೆ. ನನಗೆ ಆಸ್ಪತ್ರೆಯ ಸುದ್ದಿ ಮುಚ್ಚಿಟ್ಟದ್ದಕ್ಕೆ ಮಾತ್ರ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ. ನಾನೇನು ಹೊರಗಿನವಳಾ?

ಮೋಕ್ಷಿತಾಳಿಗೆ ಹೇಳಿ, ಅವಳ ಷರತ್ತಿನಂತೆ ನಾನು ಇವತ್ತು ಮೂಗಿಗೆ ಬ್ರಷ್ ಹಾಕಿಸಿಕೊಂಡೆ. ಹೌದು, ಉರಿಯುತ್ತದೆ. ಸುಧಾರಿಸಿದ ಮೇಲೆ ಅವಳೂ ಒಮ್ಮೆ ಸಹಿಸಿಕೊಳ್ಳಲಿ. ಈ ಸಲ ಜೆಲ್ ಪ್ಯಾಕೆಟ್ಟು ಮಾತ್ರ. ಐಸು ಬೇಡ, ಉಪ್ಪು ಬೇಡ, ನಿಮ್ಮ ಪೆಟ್ಟಿಗೆ ಬೇಡ.

ಚಂದನಾ

*

ಶಿರೂರು
೮ ಅಕ್ಟೋಬರ್ ೨೦೨೪

ಚಂದನಾ,

ನಿನ್ನೆ ತೆಗೆದರು. ಡಾಕ್ಟರೇ ಮುಚ್ಚಿದರು, ಡಾಕ್ಟರೇ ಟೇಪು ಹಚ್ಚಿದರು. ಅಲ್ಲಿಯವರೆಗೆ ನಾನು ಮುಟ್ಟಲಿಲ್ಲ. ಆ ಪೆಟ್ಟಿಗೆ ಕೈಗೆ ಬಂದಾಗ ಎಷ್ಟು ಹಗುರ, ಎಷ್ಟು ಬೆಚ್ಚಗೆ ಅನಿಸಿತೆಂದರೆ, ಮತ್ತೆ ಐಸು ತುಂಬಿಬಿಡುತ್ತೇನೆಂದು ಹೆದರಿ ನಿನ್ನಣ್ಣನ ಹತ್ತಿರ "ಹ್ವಾಯ್, ಇದನ್ನ್ ನೀವೇ ಹಿಡ್ಕಣಿ, ನಂಗೆ ಆತಿಲ್ಲೆ" ಎಂದೆ. ಅವರು ಬಸ್ಸಿಗೆ ಹಾಕುವ ಬದಲು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಹತ್ತಿ ಹೊರಟರು. ಈ ಕಾಗದ ಸಿಗುವಾಗ ಅವರು ಬಂದು ಹೋಗಿರುತ್ತಾರೆ.

ಮಗು ಮನೆಯಲ್ಲಿದ್ದಾಳೆ. ತೂಕ ಇಳಿದಿದೆ. ಶಾಲೆಗೆ ಹೋಗುತ್ತಿಲ್ಲ. ಈ ಸಲವೂ ಆ ಜೀವಕೋಶ ಸತ್ತರೆ ನನಗೆ ಬರೆಯಬೇಡ, ನಿನ್ನಣ್ಣನಿಗೆ ಹೇಳು.

ವನಜ

*

ಪುಣೆ
೧೯ ನವೆಂಬರ್ ೨೦೨೪

ಅತ್ತಿಗೆ,

ನಿಮಗೇ ಬರೆಯುತ್ತಿದ್ದೇನೆ.

ಉಬ್ಬಿತು.

ಒಂದೇ ತಟ್ಟೆಯಲ್ಲಿ ಪಕ್ಕಪಕ್ಕ ಅವಳ ಗುಳ್ಳೆ, ನನ್ನ ಗುಳ್ಳೆ. ಔಷಧಿ ಇಲ್ಲದೆ ನನ್ನದು ಉಬ್ಬಿತು, ಅವಳದು ಹಾಗೇ ಮುದುಡಿ ಕೂತಿತ್ತು. ಔಷಧಿ ಹಾಕಿದ ಮೇಲೆ ಅವಳದು ನಿಧಾನವಾಗಿ ಉಬ್ಬತೊಡಗಿತು. ನನ್ನಷ್ಟಲ್ಲ, ಆದರೆ ಸಾಕಷ್ಟು. ನಂಬಿಕೆ ಬಾರದೆ ಮತ್ತೆ ಮತ್ತೆ ಮಾಡಿದೆವು. ಪ್ರತಿ ಸಲವೂ ಉಬ್ಬಿತು. ವರದಿ, ಫೋಟೋ ಎಲ್ಲ ಸಮಿತಿಗೆ ಹೋಗಿದೆ.

ಇನ್ನು ನೀವು ಜೂನ್‌ನಲ್ಲಿ ಕೇಳಿದ್ದಕ್ಕೆ ಉತ್ತರ. ಮರೆತಿರಲಿಲ್ಲ, ಬೇಕಂತಲೇ ಬಿಟ್ಟಿದ್ದೆ. ಅಮ್ಮನಿಗೆ ಬೇಜಾರಾಗುತ್ತದೆಂದು ಬಿಟ್ಟೆ, ನಿಮಗೆ ಆಗುತ್ತಿದ್ದದ್ದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಈ ಪ್ರೋಟೀನನ್ನು ಹೇಗೆ ಮಾಡಬೇಕೆಂಬ ಬರಹ, ಅಂದರೆ ಜೀನು, ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ, ಒಂದು ಅಪ್ಪನದು, ಒಂದು ಅಮ್ಮನದು. ಒಂದು ಸರಿಯಿದ್ದರೂ ಸಾಕು, ಕಾಯಿಲೆ ಬರುವುದಿಲ್ಲ. ಎರಡೂ ಕೆಟ್ಟಿದ್ದರೆ ಮಾತ್ರ ಬರುತ್ತದೆ. ಮೋಕ್ಷಿತಾಳಿಗೆ ಒಂದು ಕೆಟ್ಟದ್ದು ನಿಮ್ಮಿಂದ, ಒಂದು ಅಣ್ಣನಿಂದ. ನನ್ನದನ್ನೂ ಪರೀಕ್ಷೆ ಮಾಡಿದೆವು. ಅಣ್ಣನಲ್ಲಿರುವ ಕೆಟ್ಟ ಪ್ರತಿಯೇ ನನ್ನಲ್ಲೂ ಇದೆ. ಇದು ನಮ್ಮ ಮನೆಯದ್ದೂ ಹೌದು. ಈ ಪುಟವನ್ನು ಅಮ್ಮನಿಗೆ ಓದಿ ಹೇಳಿ. ನೀವು ಓದಬೇಡಿ, ಅಣ್ಣ ಓದಲಿ.

ಚಂದನಾ

*

ಶಿರೂರು
೨೩ ಮಾರ್ಚ್ ೨೦೨೫

ಚಂದನಾ,

ಆ ಸಮಿತಿಯವರ ಸುದ್ದಿ ಎತ್ತಬೇಡ. ಜನವರಿಯಲ್ಲಿ ಕೂತರು, ಫೋಟೋ ಸರಿಯಾಗಿ ಕಾಣುವುದಿಲ್ಲ ಎಂದರು. ನೀನು ಮತ್ತೆ ಕಳಿಸಿದೆ. ಡಾಕ್ಟರ ಸಹಿ ಹಳೆಯದಾಯಿತು ಎಂದರು. ಹರ್ಷಾ ಡಾಕ್ಟರು ಪಾಪ, ಯಾರಿಗೂ ದನಿ ಏರಿಸದವರು, ಫೋನಿನಲ್ಲಿ ಅವರಿಗೆ ಕೂಗಾಡಿದರು. ಆಮೇಲೆ ಕೊಟ್ಟರು. ಮಾತ್ರೆ ಶುರು ಮಾಡಿ ಮೂರು ವಾರ ಆಯಿತು.

ಮೊದಲ ದಿನಗಳಲ್ಲಿ ಕೆಮ್ಮು ಇನ್ನೂ ಜಾಸ್ತಿಯಾಗಿ ಕಫ ಕಿತ್ತು ಕಿತ್ತು ಬಂತು. ನಾನು ಹೆದರಿ ನಿನಗೆ ಬೈದು ಒಂದು ಕಾಗದ ಬರೆದಿದ್ದೆ, ಅಂಚೆಗೆ ಹಾಕುವುದರೊಳಗೆ ಅವಳಿಗೆ ಹಸಿವಾಯಿತು. ಗಂಜಿ ಎರಡನೇ ಸಲ ಹಾಕಿಸಿಕೊಂಡಳು. ಕಾಗದ ಒಲೆಗೆ ಹಾಕಿದೆ.

ನಿನ್ನ ಆ ಪುಟವನ್ನು ನಿನ್ನಣ್ಣ ಓದಿದ ದಿನದಿಂದ ನಿನ್ನಮ್ಮ ಕಾಯಿಲೆ ಯಾರ ಬದಿಯದ್ದೆಂದು ಯಾರಿಗೂ ಹೇಳುತ್ತಿಲ್ಲ. ನನ್ನ ಹತ್ತಿರ ಕ್ಷಮೆ ಗಿಮೆ ಏನೂ ಕೇಳಿಲ್ಲ. ಬೆನ್ನು ತಟ್ಟುವ ಕೆಲಸ ಮಾತ್ರ ಅವರೇ ತಗೊಂಡಿದ್ದಾರೆ, ನನಗೆ ಬಿಡುವುದಿಲ್ಲ. ನೀನು ಮೊದಲು ಕಳಿಸಿದ, ನಾನು ಪಕ್ಕಕ್ಕಿಟ್ಟಿದ್ದ ಪೆಟ್ಟಿಗೆಯಲ್ಲಿ ಒಣಸಿಗಡಿ ತುಂಬಿ ವಾಪಸ್ ಕಳಿಸುತ್ತಿದ್ದೇನೆ. ಐಸು ಹಾಕಿಲ್ಲ.

ನಿನ್ನೆ ಮೋಕ್ಷಿತಾ ಆಟವಾಡಿ ಬೆವರಿ ಬಂದಳು. ನಾನು ಅಂಗಳದಲ್ಲಿ ಮೀನು ಹರಡುತ್ತಿದ್ದೆ. ಎದ್ದು ಹೋಗಿ ಕೈ ಬಾಯಿ ಸಾಬೂನು ಹಾಕಿ ತೊಳೆದು, ಬಾವಿ ನೀರು ಬಾಯಿಗೆ ಹಾಕಿ ಮುಕ್ಕಳಿಸಿ, ಅವಳನ್ನು ಹಿಡಿದು ಹಣೆಗೆ ನಾಲಿಗೆ ತಾಗಿಸಿದೆ. "ಅಮ್ಮಾ, ನಿಂಗ್ ಮರ್ಲಾ? ನಾ ಎಂತ ಉಪ್ಪಿನಕಾಯಿಯಾ?" ಎಂದು ಕೂಗಿದಳು. ನಿನ್ನ ವಿಜ್ಞಾನಕ್ಕೆ ಇದು ಪುರಾವೆಯಲ್ಲ, ಗೊತ್ತು. ಒಮ್ಮೆ ಮೋಸ ಹೋದ ನಾಲಿಗೆ ಎಂದು ನಾನೂ ನಂಬಲಿಲ್ಲ. ನಿನ್ನಮ್ಮನನ್ನು ಕರೆದೆ.

ಅವರೂ ಬಾಯಿ ತೊಳೆದು ಬಂದು ನೋಡಿದರು. ಮೀನಿಗೆ ಉಪ್ಪು ಕಡಿಮೆಯಾದರೆ ಇಡೀ ಓಣಿಗೆ ಕೇಳುವಂತೆ ನನಗೆ ಬೈಯುವವರು ಅವರು. ಮೊಮ್ಮಗಳ ಮುಖ ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೆಣ್ಣೇ, ಒಣಮೀನಿನ ಮನಿ ಮಗು ಸಪ್ಪೆ ಆಯ್ತಲ್ದಾ!" ಎಂದು ಜೋರಾಗಿ ಅತ್ತುಬಿಟ್ಟರು.

ನಿನ್ನ ಅತ್ತಿಗೆ
ವನಜ